ಬ್ಯಾಕ್ಟೀರಿಯಾಗಳ ಕೋರಂ: ಲೋಟ, ಬಕೆಟ್ ಇಟ್ಟುಕೊಂಡು ಮನೆಯಲ್ಲೇ ನೋಡಿ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್‌ನಲ್ಲಿ ಸಂಘದ ಸಭೆ ಕರೆಯಿರಿ. ಸಾಕಷ್ಟು ಜನ ಸೇರದಿದ್ದರೆ ಕೋರಂ ಇಲ್ಲ ಅಂತ ಮುಂದೂಡುತ್ತಾರೆ, ಅಲ್ವಾ? ಬ್ಯಾಕ್ಟೀರಿಯಾಗಳೂ ಹೀಗೇ. ಆದರೆ ಅವಕ್ಕೆ ಕಣ್ಣಿಲ್ಲ, ಹಾಜರಿ ಪುಸ್ತಕವಿಲ್ಲ. ಎಷ್ಟು ಮಂದಿ ಸೇರಿದ್ದೇವೆ ಅಂತ ಅವಕ್ಕೆ ತಿಳಿಯುವುದು ಹೇಗೆ? ಭಾನುವಾರ ಸಂಜೆ ಮಕ್ಕಳನ್ನು ಕೂರಿಸಿಕೊಂಡು ನೋಡಿ.

ಒಂದು ಲೋಟ ನೀರು, ಅರ್ಧ ಬಕೆಟ್ ನೀರು, ಎರಡರ ತಳದಲ್ಲೂ ಒಂದೊಂದು ನಾಣ್ಯ. ಒಂದು ಬಟ್ಟಲು ಹಾಲು, ಚಮಚಗಳು, ಟಾರ್ಚ್. ಆಟ ಮುಗಿದ ಮೇಲೆ ನೀರನ್ನು ಕುಂಡಗಳಿಗೆ ಹಾಕಿ. ನಮ್ಮೂರಲ್ಲಿ ನೀರು ಚೆಲ್ಲುವ ಹಾಗಿಲ್ಲ.

ಒಬ್ಬೊಬ್ಬ ಮಗುವೂ ಒಂದೊಂದು ಬ್ಯಾಕ್ಟೀರಿಯಾ. ಸರದಿಯಂತೆ ಲೋಟಕ್ಕೆ ಒಂದು ಚಮಚ ಹಾಲು ಹಾಕಲಿ, ಮೇಲಿನಿಂದ ನಾಣ್ಯ ನೋಡಲಿ. ನಾಣ್ಯ ಮರೆಯಾದ ಕೂಡಲೇ ಟಾರ್ಚ್ ಹಚ್ಚಲಿ. ಚಮಚ ಎಣಿಸಿಕೊಳ್ಳಿ. ಈಗ ಅಷ್ಟೇ ಚಮಚ ಬಕೆಟ್‌ಗೆ ಹಾಕಿಸಿ. ನಾಣ್ಯ ಕಾಣುತ್ತಲೇ ಇರುತ್ತದೆ!

ಇಲ್ಲೇ ಸ್ವಲ್ಪ ನಿಲ್ಲಿ, ಮಕ್ಕಳೇ ಕಾರಣ ಹೇಳಲಿ. ಬ್ಯಾಕ್ಟೀರಿಯಾ ತಲೆ ಎಣಿಸುವುದಿಲ್ಲ. ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತಿರುತ್ತದೆ. ನಮ್ಮ ಆಟದ ಹಾಲು ಅದೇ. ಸುತ್ತ ಅದು ಎಷ್ಟು ದಟ್ಟವಾಗಿದೆ ಅನ್ನುವುದೇ ಲೆಕ್ಕ. ಹವಾಯಿಯ ಕಡಲಲ್ಲಿರುವ ಬಾಬ್‌ಟೇಲ್ ಸ್ಕ್ವಿಡ್ ಎಂಬ ಪುಟ್ಟ ಮೃದ್ವಂಗಿಯ ಮೈಯೊಳಗೆ ವಿಬ್ರಿಯೊ ಫಿಷೆರಿ ಬ್ಯಾಕ್ಟೀರಿಯಾಗಳು ಕಿಕ್ಕಿರಿದಿರುತ್ತವೆ. ಅದು ನಮ್ಮ ಲೋಟ. ಅಲ್ಲಿ ಅವು ಒಟ್ಟಾಗಿ ಬೆಳಗುತ್ತವೆ. ಆ ಬೆಳಕು ಬೆಳದಿಂಗಳಲ್ಲಿ ಬೆರೆತು, ಕೆಳಗಿರುವ ಬೇಟೆಗಾರರಿಗೆ ಸ್ಕ್ವಿಡ್‌ನ ನೆರಳು ಕಾಣುವುದಿಲ್ಲ. ಬೆಳಗಾಗುತ್ತಲೇ ಸ್ಕ್ವಿಡ್ ಸುಮಾರು 95 ಶೇಕಡಾ ಬ್ಯಾಕ್ಟೀರಿಯಾಗಳನ್ನು ಹೊರಗೆ ತಳ್ಳುತ್ತದೆ. ತೆರೆದ ಕಡಲೆಂಬ ಬಕೆಟ್‌ನಲ್ಲಿ ಅವು ಚದುರಿಹೋಗುತ್ತವೆ, ದೀಪ ಆರುತ್ತದೆ. ನನಗಂತೂ ಇದು ಎಷ್ಟು ಸಲ ಓದಿದರೂ ಬೆರಗು.

ಸಮುದ್ರದ ಬೆಳಗುವ ಬ್ಯಾಕ್ಟೀರಿಯಾಗಳ ಈ ಗುಟ್ಟನ್ನು ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು 1970ರಲ್ಲಿ ಬರೆದು ತಿಳಿಸಿದರು. ‘ಕೋರಂ ಸೆನ್ಸಿಂಗ್’ ಎಂಬ ಹೆಸರು ಬಂದದ್ದು 1994ರಲ್ಲಿ.

ಎರಡನೇ ಸುತ್ತಿಗೆ ಹೊಸ ನೀರು, ಹೊಸ ನಿಯಮ. ಟಾರ್ಚ್ ಹತ್ತಿದ ಮೇಲೆ ಎಲ್ಲರೂ ಎರಡೆರಡು ಚಮಚ ಹಾಕಬೇಕು. ನಿಜದಲ್ಲೂ ಹೀಗೇ. ಕೋರಂ ಆದ ಮೇಲೆ ಅವು ರಾಸಾಯನಿಕವನ್ನು ಇನ್ನೂ ಜಾಸ್ತಿ ಮಾಡುತ್ತವೆ.

ಕೊನೆಯ ಸುತ್ತಿನಲ್ಲಿ ಒಬ್ಬ ಮಗು ಕಳ್ಳನಾಗಲಿ. ಬೇರೆಯವರು ಒಂದು ಚಮಚ ಹಾಲು ಹಾಕಿದಾಗಲೆಲ್ಲ ಅವನು ಎರಡು ಚಮಚ ಲೋಟದ ನೀರು ತೆಗೆದು ಚೊಕ್ಕ ನೀರು ಹಾಕಲಿ. ಟಾರ್ಚ್ ಹತ್ತುವುದು ತಡವಾಗುತ್ತದೆ. ಮಣ್ಣಿನ ಕೆಲವು ಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಬೇರೆಯವರ ರಾಸಾಯನಿಕವನ್ನು ಹೀಗೇ ಒಡೆದು ಹಾಕುತ್ತವೆ. ಸುಡೊಮೊನಾಸ್ ಥರದ ರೋಗಾಣು ಗುಂಪು ಕಟ್ಟಿಕೊಂಡೇ ದಾಳಿ ಮಾಡುತ್ತದೆ. ಅದನ್ನು ಕೊಲ್ಲದೆ ಬರೀ ಈ ರಾಸಾಯನಿಕದ ಮಾತು ನಿಲ್ಲಿಸುವ ಔಷಧಿಗಾಗಿ ವಿಜ್ಞಾನಿಗಳು ಹುಡುಕುತ್ತಿರುವುದು ಈ ಕಳ್ಳನ ದಾರಿಯಲ್ಲೇ.