ಜರಿ ಸೀರೆ, ಕಪ್ಪು ಕೋಟು ಮತ್ತು ಆಟೊ ಫ್ಲ್ಯಾಶ್

ಹುಬ್ಬಳ್ಳಿಯ ಕಲ್ಯಾಣ ಮಂಟಪಗಳಲ್ಲಿ ಅಕ್ಷತೆಯ ನಂತರ ವೇದಿಕೆಯ ಮೇಲೆ ತೆಗೆಯುವ ಚಿತ್ರಗಳಲ್ಲಿ, ಜಾಗ ಮತ್ತು ದೂರ ಒಂದೇ ಆಗಿದ್ದರೂ, ಒಂದರಲ್ಲಿ ಮುಖಗಳು ಕಪ್ಪಾಗಿಯೂ ಮತ್ತೊಂದರಲ್ಲಿ ಬೆಳ್ಳಗೆ ಸುಟ್ಟಂತೆಯೂ ಬರುತ್ತಿದ್ದವು. ಫ್ಲ್ಯಾಶ್ ಟಿಟಿಎಲ್‌ನಲ್ಲಿತ್ತು, ಅಂದರೆ ಎಷ್ಟು ಬೆಳಕು ಬೇಕೆಂದು ಕ್ಯಾಮೆರಾ ತಾನೇ ನಿರ್ಧರಿಸುವ ಆಟೊ ವಿಧಾನದಲ್ಲಿ.

ಆಟೊ ನಿರ್ಧರಿಸಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ನು +1ಕ್ಕೆ ಏರಿಸಿದಾಗ ಜರಿ ಸೀರೆಯವರ ಚಿತ್ರ ಸರಿಹೋಯಿತು, ಕಪ್ಪು ಕೋಟಿನವರದು ಕೆಟ್ಟಿತು. ಡಿಫ್ಯೂಸರ್ ನೆರಳನ್ನು ಮೃದುಗೊಳಿಸಿತೇ ಹೊರತು ಏರಿಳಿತವನ್ನು ನಿಲ್ಲಿಸಲಿಲ್ಲ. ಟಿಟಿಎಲ್ ಮೊದಲು ಸಣ್ಣದೊಂದು ಮಿಂಚು ಹಾಯಿಸಿ, ಮರಳಿ ಬಂದ ಬೆಳಕನ್ನು ಅಳೆದು ಶಕ್ತಿಯನ್ನು ನಿರ್ಧರಿಸುತ್ತದೆ. ಜರಿ ಹೆಚ್ಚು ಪ್ರತಿಫಲಿಸಿದರೆ ಬೆಳಕನ್ನು ತಗ್ಗಿಸುತ್ತದೆ, ಕಪ್ಪು ಬಟ್ಟೆಯಿದ್ದರೆ ಹೆಚ್ಚಿಸುತ್ತದೆ.

ಪರಿಹಾರವಾದದ್ದು ಮ್ಯಾನುಯಲ್, ಅಂದರೆ ಫ್ಲ್ಯಾಶ್‌ನ ಶಕ್ತಿಯನ್ನು ನಾನೇ ನಿಗದಿಪಡಿಸುವುದು. ಮೊದಲು ಕ್ಯಾಮೆರಾವನ್ನೂ ಎಂ (ಮ್ಯಾನುಯಲ್) ಮೋಡ್‌ಗೆ ತಂದು ಐಎಸ್ಒ (ಬೆಳಕಿನ ಸೂಕ್ಷ್ಮತೆ) 400, ಲೆನ್ಸಿನ ದ್ವಾರ ಎಫ್/8, ಶಟರ್ 1/125 ಸೆಕೆಂಡ್ ಇಟ್ಟೆ. ಬಳಿಕ ಬೆಳಕಿನ ಹರವನ್ನು ನಿರ್ಧರಿಸುವ ಫ್ಲ್ಯಾಶ್‌ನ ಝೂಮನ್ನು 35 ಎಂಎಂಗೆ ನಿಲ್ಲಿಸಿದೆ. ಆ ಸ್ಥಾನದಲ್ಲಿ ನನ್ನ ಫ್ಲ್ಯಾಶ್‌ನ ಗೈಡ್ ನಂಬರ್ (ಎಫ್ ಸಂಖ್ಯೆಯಿಂದ ಭಾಗಿಸಿದರೆ ಸರಿಯಾದ ದೂರ ಕೊಡುವ, ಫ್ಲ್ಯಾಶ್‌ನ ಬಲದ ಅಳತೆ) ಪೂರ್ಣ ಶಕ್ತಿಯಲ್ಲಿ, ಐಎಸ್ಒ 100ಕ್ಕೆ 36 ಮೀಟರ್. ಶಕ್ತಿಯನ್ನು 1/4ಕ್ಕೆ ಇಳಿಸಿದರೆ ಅದು 18 ಆಗುತ್ತದೆ, ಐಎಸ್ಒ 400ರಲ್ಲಿ ಮತ್ತೆ 36. ಅದನ್ನು ಎಫ್/8ರ 8ರಿಂದ ಭಾಗಿಸಿದರೆ 4.5 ಮೀಟರ್. ಆ ದೂರದಲ್ಲಿ ನೆಲಕ್ಕೆ ಟೇಪ್ ಅಂಟಿಸಿ ಅಲ್ಲಿಂದಲೇ, ಫ್ಲ್ಯಾಶನ್ನು ನೇರವಾಗಿ ಇಟ್ಟು ತೆಗೆದೆ. ಚಾವಣಿಗೆ ತಿರುಗಿಸಿದರೆ ಈ ಲೆಕ್ಕ ನಡೆಯುವುದಿಲ್ಲ.

ಮೆರವಣಿಗೆಯಲ್ಲಿ ದೂರ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅಲ್ಲಿಗೆ ಟಿಟಿಎಲ್ ಅನ್ನೇ ಉಳಿಸಿಕೊಂಡಿದ್ದೇನೆ.