ಒಂದೇ ಕವರಿನಲ್ಲಿ ಎರಡು ಹಾಸಿಗೆ: ಜೋಡಿಗೆ ಲ್ಯಾಟೆಕ್ಸ್ ಪದರ ಕೂಡಿಸಿದ ನನ್ನ ಅನುಭವ

ಲ್ಯಾಟೆಕ್ಸ್ (ರಬ್ಬರ್ ನೊರೆಯ) ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ, ಇಬ್ಬರಿಗೂ ಬೇರೆಬೇರೆ ಗಡಸಿನ ಹಾಸಿಗೆಯನ್ನು ನಾನೇ ಜೋಡಿಸಹೊರಟಿದ್ದೆ. ಅಂಟು ಹಾಕದಿದ್ದರೆ ಪದರಗಳು ಜಾರುತ್ತವೆ, ಎಡಕ್ಕೊಂದು ಬಲಕ್ಕೊಂದು ಗಡಸು ಕೊಟ್ಟರೆ ನಡುವೆ ಹಳ್ಳ ಬೀಳುತ್ತದೆ. ಬೆಂಗಳೂರಿನಲ್ಲಿ ಕೇಳಿದ ಅಂಗಡಿಯವರೆಲ್ಲ ಹೇಳಿದ್ದು ಇದನ್ನೇ. ಈಗಿನ ಜೋಡಣೆಗೆ ಹದಿನಾಲ್ಕು ತಿಂಗಳಾಯಿತು, ಪದರ ಜಾರಿಲ್ಲ, ಹಳ್ಳವೂ ಬಿದ್ದಿಲ್ಲ. ಆದರೆ ಸರಿಹೋದದ್ದು ನಾಲ್ಕನೇ ಜೋಡಣೆಗೆ.

ಮಂಚ 78 × 72 ಇಂಚು. ಒಬ್ಬರು ಹೆಚ್ಚುಕಡಿಮೆ 85 ಕಿಲೋ, ಅಂಗಾತ ಮಲಗುವವರು. ಇನ್ನೊಬ್ಬರು 55 ಕಿಲೋ, ಮಗ್ಗುಲಾಗಿ ಮಲಗುವವರು. ತಂದದ್ದು 78 × 36ರ, 2 ಇಂಚು ದಪ್ಪದ ಪಿನ್‌ಕೋರ್ (ಪಿನ್ ತೂತುಗಳಿರುವ) ಶೀಟು ಆರು: 65, 80, 90 ಡೆನ್ಸಿಟಿಯಲ್ಲಿ ಎರಡೆರಡು. ಡೆನ್ಸಿಟಿ ಎಂದರೆ ಘನ ಮೀಟರಿಗೆ ಎಷ್ಟು ಕಿಲೋ ಎಂಬುದು, ಅಂಕಿ ಹೆಚ್ಚಿದಷ್ಟೂ ಗಡಸು. ಶೀಟೊಂದಕ್ಕೆ ಐದೂವರೆಯಿಂದ ಏಳು ಸಾವಿರ, ಆರಕ್ಕೂ ಸೇರಿ 37 ಸಾವಿರದ ಆಸುಪಾಸು. ಕವರ್ ಹೊಲಿಸಿದ್ದಕ್ಕೆ ನಾಲ್ಕೂವರೆ, ಸಾಗಾಟಕ್ಕೆ ಎರಡು ಸಾವಿರದೊಳಗೆ. ತಪ್ಪುಗಳಿಗೆ ಹೋದದ್ದು ಬೇರೆ, ಅದು ಮುಂದೆ ಬರುತ್ತದೆ.

ಶೀಟು ಬಂದ ದಿನವೇ ತೂಕ ಹಾಕಿ. ಈ ಅಳತೆಗೆ 65ರದ್ದು 6 ಕಿಲೋ, 80ರದ್ದು ಸುಮಾರು 7.4, 90ರದ್ದು 8.3 ಬರಬೇಕು. ನಮಗೆ ಬಂದ ಒಂದು ‘80’ ಆರೂ ಕಾಲು ತೂಗಿತು, ವಾಪಸ್ ಕಳಿಸಿದೆ. ತೂಕ ಸರಿಯಿದ್ದ ಮಾತ್ರಕ್ಕೆ ಮಾಲು ಒಳ್ಳೆಯದೆಂದಲ್ಲ, ಸುಣ್ಣದಕಲ್ಲಿನ ಪುಡಿ ಬೆರೆಸಿಯೂ ತೂಕ ಏರಿಸುತ್ತಾರೆ. ಅಂಥದ್ದು ಬೇಗ ಪುಡಿಯುದುರುತ್ತದೆ. ಅದನ್ನು ಹಿಡಿಯುವ ನನ್ನ ಪರೀಕ್ಷೆಯನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮಾರುವವರು ಅದಕ್ಕೂ ದಾರಿ ಹುಡುಕುತ್ತಾರೆ.

ಮೊದಲ ಜೋಡಣೆ ಎರಡೂ ಕಡೆ ಒಂದೇ: ಕೆಳಗೆ 90, ನಡುವೆ 80, ಮೇಲೆ 65. ಎರಡೂ ಕಡೆ ಸೋತಿತು. 85 ಕಿಲೋದ ಕಡೆ ಸೊಂಟ ಇಳಿದು ಬೆಳಗ್ಗೆ ಬೆನ್ನಿನ ಕೆಳಭಾಗ ಹಿಡಿದುಕೊಳ್ಳುತ್ತಿತ್ತು, ಎದ್ದು ಅರ್ಧ ಗಂಟೆ ಓಡಾಡಿದರೆ ಬಿಡುತ್ತಿತ್ತು. ಇದು ಹಾಸಿಗೆಯಿಂದ ಬಂದ ನೋವೆನ್ನಿಸಿತು. 55 ಕಿಲೋದ ಕಡೆ ಕೆಳಗಾದ ಭುಜ ನೋಯುತ್ತಿತ್ತು, ತೋಳು ಜೋಮು ಹಿಡಿಯುತ್ತಿತ್ತು. ಮೇಲಿನ 2 ಇಂಚು ಮೆತ್ತಗಿದ್ದರೂ ಭುಜ ಅದನ್ನು ದಾಟಿ 80ಕ್ಕೆ ತಾಗುತ್ತಿತ್ತು.

ಎರಡನೆಯದರಲ್ಲಿ ಭಾರದ ಕಡೆ ನಡುವಿನದನ್ನೂ ಮೇಲಿನದನ್ನೂ ಅದಲುಬದಲು ಮಾಡಿದೆ. ಮೇಲೆ 80 ಬಂದರೂ ನಡುವಿನ 65 ಕುಸಿಯಿತು, ಸೊಂಟ ಮೊದಲಿನಷ್ಟೇ ಇಳಿಯಿತು. ಮೂರನೆಯದರಲ್ಲಿ ಪೂರ್ತಿ ತಲೆಕೆಳಗು: ಮೇಲೆ 90. ಬೆನ್ನು ಸರಿಹೋಯಿತು, ಆದರೆ ಹೆಗಲ ಹಿಂದಿನ ಚಪ್ಪಟೆ ಎಲುಬು ಒತ್ತತೊಡಗಿತು. ನಾಲ್ಕನೆಯದರಲ್ಲಿ ಎರಡು ಕಡೆಯ ಶೀಟುಗಳನ್ನೇ ಬದಲಾಯಿಸಿಕೊಂಡೆ. ಭಾರದ ಕಡೆ ಕೆಳಗಿನಿಂದ 90, 90, 80. ಹಗುರದ ಕಡೆ 80, 65, 65. ಈ ಬದಲಾವಣೆಗೆಂದು ಹೊಸ ಶೀಟು ಒಂದೂ ಬೇಕಾಗಲಿಲ್ಲ. ಮೆತ್ತನೆಯ ಕಡೆ ಹಗುರದವರು, ಗಡಸಿನ ಕಡೆ ಭಾರದವರು ಮಲಗುವುದರಿಂದ ಇಬ್ಬರೂ ಹತ್ತಿರಹತ್ತಿರ ಒಂದೇ ಮಟ್ಟಕ್ಕೆ ಇಳಿಯುತ್ತಾರೆ. ಹಳ್ಳ ಬೀಳದಿರುವುದಕ್ಕೆ, ಒಬ್ಬರು ಇನ್ನೊಬ್ಬರತ್ತ ಉರುಳದಿರುವುದಕ್ಕೆ ಕಾರಣ ಇದೇ.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಕನಿಷ್ಠ ಏಳು ರಾತ್ರಿ ಬಿಡಿ. ಅಂಗಾತ ಮಲಗಿದವರ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ: ಸಲೀಸಾಗಿ ಆಚೆ ಹೋದರೆ ಗಡಸು ಹೆಚ್ಚು, ತೂರಿಸಲೇ ಆಗದಿದ್ದರೆ ಮೆತ್ತಗೆ ಹೆಚ್ಚು. ಮಗ್ಗುಲಾಗಿ ಮಲಗುವವರಿಗೆ ಬೆನ್ನಮೂಳೆಯ ಗೆಣ್ಣುಗಳ ಮೇಲೆ ಬಿಂದಿ ಅಂಟಿಸಿ ಹಿಂದಿನಿಂದ ಫೋಟೋ ತೆಗೆಯಿರಿ, ಸಾಲು ನೆಟ್ಟಗಿರಬೇಕು. ದಿಂಬಿನ ಎತ್ತರವನ್ನೂ ಜೊತೆಗೇ ನೋಡಿ. ಭುಜ ಒಳಗಿಳಿದ ಮೇಲೆ ಹಳೆಯ ದಿಂಬು ಎತ್ತರವಾಗಿ ಕತ್ತು ಹಿಡಿಯಿತು, ಆಗ ಹಾಸಿಗೆಯನ್ನೇ ಸುಮ್ಮನೆ ದೂರಿದ್ದಾಯಿತು.

ಇನ್ನು ದುಡ್ಡು ಹೋದ ಕಥೆ. ಎರಡನೇ ಜೋಡಣೆಯಲ್ಲಿ ಅಂಗಡಿಯವರ ಮಾತಿಗೆ ಒಂದು ಕಡೆ ಅಂಟು ಹಾಕಿದೆ. ಬಿಡಿಸುವಾಗ ಪಿನ್ ತೂತುಗಳ ಗುಂಟ 65ರ ಶೀಟು ಹರಿದು ಹೋಯಿತು, ಬೇರೆ ತರಬೇಕಾಯಿತು. ಲ್ಯಾಟೆಕ್ಸ್ ಮೇಲೆ ಲ್ಯಾಟೆಕ್ಸ್ ತಾನಾಗಿಯೇ ಹಿಡಿದುಕೊಳ್ಳುತ್ತದೆ, ಅಂಟು ಬೇಕಿಲ್ಲ. ಆ ಹಿಡಿತದಿಂದ ಶೀಟು ಸರಿಸುವುದು ಕಷ್ಟವೆಂದು ಒಮ್ಮೆ ಟಾಲ್ಕಂ ಪೌಡರ್ ಉದುರಿಸಿದೆ. ಸರಿಸಲು ಸುಲಭವಾಯಿತು, ಆಮೇಲೆ ರಾತ್ರಿಯೆಲ್ಲ ಜಾರಿತು. ಈಗ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲಿನ ಶೀಟನ್ನು ಜಾಗಕ್ಕೆ ಕೂರಿಸಿ, ಹಾಳೆಯನ್ನು ಎಳೆದುಬಿಡುತ್ತೇನೆ. ಮೂಲೆ ಹಿಡಿದು ಎತ್ತಲೇಬೇಡಿ, ಹರಿಯುತ್ತದೆ. ಇಬ್ಬರು ಸೇರಿ ಸುರುಳಿ ಸುತ್ತಿ ಎತ್ತಿ.

ಕವರಿನಲ್ಲೂ ಎಡವಿದೆ. ಮೊದಲು ಹೊಲಿಸಿದ್ದು ದಪ್ಪ ಕ್ವಿಲ್ಟಿನದು (ಒಳಗೆ ತುಂಬಿ ಹೊಲಿದ ಬಟ್ಟೆ), ಹಿಗ್ಗುತ್ತಿರಲಿಲ್ಲ. ಅದರ ಮೇಲೆ ಮಲಗಿದರೆ 65 ಕೂಡ 80ರಂತೆ ಅನ್ನಿಸುತ್ತಿತ್ತು. ಹಿಗ್ಗುವ ಹತ್ತಿ ಹೆಣಿಗೆಯ ಬಟ್ಟೆ, ಸುತ್ತ ಜಿಪ್, ಅಳತೆ ಅರ್ಧ ಇಂಚು ಬಿಗಿ: ಹೀಗೆ ಮತ್ತೊಂದು ಹೊಲಿಸಿದ ಮೇಲೆ ಸರಿಹೋಯಿತು. ಎಡ ಬಲ ಶೀಟುಗಳ ನಡುವಿನ ಸೀಳು ಬಾಯಿ ತೆರೆಯದಂತೆ ಒಳಗೊಂದು ಪಟ್ಟಿ ಹೊಲಿಸಿದ್ದೇನೆ. ಪಟ್ಟಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲಬೇಕೆಂಬುದು ನನ್ನಲ್ಲೇ ಇರಲಿ. ಸೀಳು ಮುಚ್ಚಲು ಇಡೀ ಅಗಲಕ್ಕೆ 1 ಇಂಚಿನ ಶೀಟು ಹೊದಿಸಿಯೂ ನೋಡಿದೆ. ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಗೊತ್ತಾಗತೊಡಗಿತು, ತೆಗೆದುಬಿಟ್ಟೆ.

ಬೂರುಗದ ಹತ್ತಿಯ ತೆಳು ಹಾಸಿಗೆಯನ್ನೂ ಮೇಲೆ ಹಾಕಿ ನೋಡಿದ್ದುಂಟು. ಬೇಸಿಗೆಯಲ್ಲಿ ತಂಪು, ಆದರೆ ತಿಂಗಳೊಳಗೆ ಗಂಟುಕಟ್ಟಿ ಕೆಳಗಿನ ಲ್ಯಾಟೆಕ್ಸಿನ ಗುಣವೇ ಮುಚ್ಚಿಹೋಯಿತು. ಅದೀಗ ನೆಲಕ್ಕೆ.

ಸ್ಟೋರೇಜ್ ಮಂಚದ ಪ್ಲೈವುಡ್ ಮೇಲೆ ನೇರ ಹಾಕಿದರೆ ಮಳೆಗಾಲದಲ್ಲಿ ಅಡಿಯಲ್ಲಿ ಬೂಷ್ಟು ಬರುತ್ತದೆ. ನಾನು ಆರಾರು ಇಂಚಿಗೊಂದರಂತೆ 1 ಇಂಚಿನ ತೂತು ಕೊರೆಸಿದೆ. ಮರದ ಪಟ್ಟಿಗಳ ಮಂಚವಾದರೆ ಸಂದು ಎರಡೂವರೆ ಇಂಚು ಮೀರಬಾರದು, ಮೀರಿದರೆ ಶೀಟು ಸಂದಿಗೆ ಇಳಿಯುತ್ತದೆ. ಎರಡು ಬಗೆಯ ಮಂಚಕ್ಕೂ ಹಾಸಿಗೆಯ ಅಡಿಯಲ್ಲೊಂದು ಹತ್ತಿ ಜಮಖಾನೆ ಹಾಸಿ. ಹತ್ತಿ ಹಾಸಿಗೆಯಂತೆ ಲ್ಯಾಟೆಕ್ಸ್ ಶೀಟನ್ನು ತಾರಸಿಯ ಬಿಸಿಲಿಗೆ ಮಾತ್ರ ಹಾಕಬೇಡಿ. ಬಿಸಿಲಿಗೆ ಲ್ಯಾಟೆಕ್ಸ್ ಹಳದಿಯಾಗಿ ಬಿರಿಯುತ್ತದೆ. ಫ್ಯಾನ್ ಕೆಳಗೆ ಗಾಳಿಯಾಡಿಸಿದರೆ ಸಾಕು. ಆರು ತಿಂಗಳಿಗೊಮ್ಮೆ ಜಿಪ್ ತೆಗೆದು ಪ್ರತಿ ಶೀಟಿನ ತಲೆಕಡೆಯನ್ನು ಕಾಲಕಡೆಗೆ ತಿರುಗಿಸುತ್ತೇನೆ. ಯಾವುದು ಯಾವ ಕಡೆಯದೆಂದು ಅಂಚಿನಲ್ಲಿ ಪೆನ್ನಿನಿಂದ ಬರೆದಿಟ್ಟಿರಿ, ಹೊರಗೆ ತೆಗೆದ ಮೇಲೆ 65 ಯಾವುದು, 80 ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.