ಜಪಾನಿನ ಫುಕುಶಿಮಾದ ತೆರವಾದ ಊರುಗಳಿಗೆ ಮಾರ್ಗದರ್ಶಿಯ ಜೊತೆ ಹೋಗುವುದು ಹೇಗೆ?

ಫುತಾಬಾ ರೈಲು ನಿಲ್ದಾಣದ ಹೊರಗೆ ಒಮ್ಮೆ ನಾಲ್ವರು ಪ್ರವಾಸಿಗರು ಬಿಳಿ ರಕ್ಷಣಾ ಉಡುಪು ತೊಟ್ಟು, ಮುಖಕ್ಕೆ ಅನಿಲ ಮುಖವಾಡ ಬಿಗಿದುಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರಿಂದ ಹತ್ತು ಮಾರು ದೂರದಲ್ಲಿ, ಊರಿಗೆ ಮರಳಿ ಬಂದ ಹಿರಿಯರೊಬ್ಬರು ಬರಿಗೈಯಲ್ಲಿ ಅಂಗಳದ ಕಳೆ ಕೀಳುತ್ತಿದ್ದರು. ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದರು. ಅಲ್ಲಿಗೆ ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಇಂಥದ್ದೊಂದು ಕಣ್ಣಿಗೆ ಬಿದ್ದಿದೆ. ಈ ಲೇಖನ ಬರೆಯಲು ಅದೇ ಕಾರಣ.

2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪ, ಅದರ ಬೆನ್ನಿಗೇ ಸುನಾಮಿ. ಒಕುಮಾ ಮತ್ತು ಫುತಾಬಾ ಪಟ್ಟಣಗಳ ಗಡಿಯ ಮೇಲಿರುವ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರದ 1, 2 ಮತ್ತು 3ನೇ ಘಟಕಗಳಲ್ಲಿ ಇಂಧನ ಕರಗಿತು, ಸುತ್ತಲಿನ 20 ಕಿಲೋಮೀಟರ್ ತೆರವಾಯಿತು. ಫುತಾಬಾದ ನಿಲ್ದಾಣದ ಸುತ್ತಲಿನವರಿಗೆ ಮರಳಿ ಬಂದು ವಾಸಿಸಲು ಅನುಮತಿ ಸಿಕ್ಕಿದ್ದು 2022ರ ಆಗಸ್ಟ್ 30ರಂದು. ಮನೆ ಬಿಟ್ಟು ಹೋದವರಲ್ಲಿ ಬಹುಪಾಲು ಜನ ಎಲ್ಲೋ ಬದುಕಿದ್ದಾರೆ, ಆ ಮನೆಗಳಿಗೆ ಯಜಮಾನರಿದ್ದಾರೆ. ಸೂತಕದ ಮನೆಗೆ ಕಾಲಿಡುವಾಗ ನಮ್ಮಲ್ಲಿ ಯಾವ ಎಚ್ಚರ ಇರುತ್ತದೆಯೋ ಅದೇ ಎಚ್ಚರ ಇಲ್ಲಿಯೂ ಬೇಕು.

ಇಂಥದೇ ಅಣು ದುರಂತ ನಡೆದ ಉಕ್ರೇನಿನ ಚೆರ್ನೊಬಿಲ್‌ಗೆ ಹೋಗಬೇಕೆಂದು ಹೊರಟವರಿಗೆ ಒಂದು ಮಾತು: 2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಾಗಿನಿಂದ ಆ ವಲಯ ಪ್ರವಾಸಿಗರಿಗೆ ಮುಚ್ಚಿದೆ. ಮುಂಗಡ ಕೇಳುವ ಜಾಲತಾಣ ಕಂಡರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಹೆಜ್ಜೆ 1: ದಿನ ಮತ್ತು ದಾರಿ

ಮಂಗಳವಾರ ಬೇಡ. ಫುತಾಬಾದ ದುರಂತ ಸ್ಮಾರಕ ಸಂಗ್ರಹಾಲಯ, ಪಕ್ಕದ ನಾಮಿಯೆ ಪಟ್ಟಣದಲ್ಲಿ ಸುನಾಮಿಯ ನೆನಪಿಗೆ ಹಾಗೆಯೇ ಉಳಿಸಿರುವ ಉಕೆದೊ ಶಾಲೆ ಎರಡಕ್ಕೂ ಅಂದು ರಜೆ. ಟೋಕಿಯೊದ ಉಎನೊ ನಿಲ್ದಾಣದಿಂದ ಜೋಬಾನ್ ಮಾರ್ಗದ ‘ಹಿತಾಚಿ’ ಎಕ್ಸ್‌ಪ್ರೆಸ್ ಸುಮಾರು ಮೂರು ಗಂಟೆಯಲ್ಲಿ ಫುತಾಬಾ ತಲುಪಿಸುತ್ತದೆ. ಆದರೆ ಸೆಂದಾಯ್‌ವರೆಗೆ ಓಡುವ, ಫುತಾಬಾದಲ್ಲಿ ನಿಲ್ಲುವ ಗಾಡಿಗಳು ದಿನಕ್ಕೆ ಮೂರೇ. ಬೆಳಿಗ್ಗೆ ಹೊರಟು ಸಂಜೆ ಮರಳುವ ಯೋಜನೆ ಹಾಕಬೇಡಿ. ಹಿಂದಿನ ರಾತ್ರಿಯೇ ನಾಮಿಯೆಯಲ್ಲಿ ತಂಗಿ.

ಹೆಜ್ಜೆ 2: ಮಾರ್ಗದರ್ಶಿ ಮತ್ತು ಮೊದಲ ಪತ್ರ

ಎಲ್ಲರೂ ಎಡವುವುದು ಇಲ್ಲಿ. ಗುಂಪಿನ ಬಸ್ಸಾದರೆ ಕೂತರೆ ಸಾಕು, ಖಾಸಗಿ ಪ್ರವಾಸದಲ್ಲಿ ಆ ದಿನ ಹೇಗಿರುತ್ತದೆ ಎಂಬುದು ನೀವು ಬರೆಯುವ ಮೊದಲ ಪತ್ರದಲ್ಲೇ ತೀರ್ಮಾನವಾಗುತ್ತದೆ. ಮೊದಲ ಸಲ ನಾನು ಅಂತರ್ಜಾಲದಲ್ಲಿ ಕಂಡ ಹನ್ನೊಂದು ಜಾಗಗಳ ಪಟ್ಟಿ ಕಳಿಸಿದ್ದೆ. ಬಳ್ಳಿ ಹಬ್ಬಿದ ಅಂಗಡಿಗಳ, ಗೋಡೆ ಬಿರಿದ ಮನೆಗಳ ಪಟ್ಟಿ ಅದು. ಹೋಗಿ ನೋಡಿದರೆ ಹೆಚ್ಚಿನವನ್ನು ಕೆಡವಿ ನೆಲ ಸಮ ಮಾಡಿದ್ದರು. ಖಾಲಿ ನಿವೇಶನದಿಂದ ಖಾಲಿ ನಿವೇಶನಕ್ಕೆ ಕಾರಿನಲ್ಲಿ ಓಡಾಡುವುದರಲ್ಲೇ ಇಡೀ ದಿನ ಕಳೆಯಿತು. ಹಳೆಯ ಫೋಟೊ ಹಿಡಿದು ಹೊರಡುವವರಿಗೆಲ್ಲ ಇದೇ ಆಗುತ್ತದೆ.

ಆದ್ದರಿಂದ ಪಟ್ಟಿ ಕಳಿಸಬೇಡಿ. ನೀವು ಯಾರು, ಏಕೆ ಬರುತ್ತಿದ್ದೀರಿ, ಏನು ಓದಿಕೊಂಡಿದ್ದೀರಿ ಎಂದು ನಾಲ್ಕು ಸಾಲು ಬರೆಯಿರಿ. ಮಾರ್ಗದರ್ಶಿ ಆ ಊರುಗಳವರೇ ಎಂದು ಕೇಳಿ. ಹೌದೆಂದರೆ, ಆ ದಿನಗಳ ಬಗ್ಗೆ ಮಾತನಾಡಲು ಅವರಿಗೆ ಇಷ್ಟವಿದೆಯೇ ಎಂದು ಮುಂಚೆಯೇ ವಿಚಾರಿಸಿ. ಕಾರಿನಲ್ಲಿ ಕೂತ ಮೇಲೆ ಕೇಳಿದರೆ ಅವರು ಸೌಜನ್ಯಕ್ಕೆ ಉತ್ತರಿಸುತ್ತಾರೆ, ಒಳಗೆ ನೋಯುತ್ತಾರೆ. ಭಾಷಾಂತರಕಾರರು ಬೇಕಾದರೆ ಅದರ ಹಣವನ್ನು ಬೇರೆಯಾಗಿಯೇ ಕೊಡಿ. ದರಕ್ಕೆ ಚೌಕಾಸಿ ಬೇಡ. ಕೊನೆಗೆ, ‘ನೀವು ತೋರಿಸಬೇಕೆಂದುಕೊಂಡಿರುವ ಒಂದು ಜಾಗವನ್ನು ನೀವೇ ಆರಿಸಿ’ ಎಂಬ ಸಾಲು ಖಂಡಿತ ಇರಲಿ. ಎರಡನೆಯ ಸಲ ಈ ಸಾಲಿನಿಂದಾಗಿ ನಾವು ನಿಂತದ್ದು ಒಂದು ಗದ್ದೆಯ ಬದುವಿನ ಮೇಲೆ. ಹನ್ನೆರಡು ವರ್ಷಗಳ ನಂತರ ಅಲ್ಲಿ ಮತ್ತೆ ಭತ್ತದ ಸಸಿ ನೆಟ್ಟಿದ್ದರು.

ಆ ಸಲ ನಮ್ಮೊಡನೆ ಸಾಗರದ ಕಡೆಯವರೊಬ್ಬರಿದ್ದರು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬದವರು. ಅವರು ಇಡೀ ದಿನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಹೊರಡುವಾಗ ಮನೆಯಿಂದ ಏನು ತೆಗೆದುಕೊಂಡಿರಿ?’ ಮಾರ್ಗದರ್ಶಿ ಕಾರನ್ನು ಬದಿಗೆ ನಿಲ್ಲಿಸಿದರು. ಎರಡು ದಿನದಲ್ಲಿ ಮರಳುತ್ತೇವೆಂದುಕೊಂಡು ಔಷಧಿ ಚೀಲವನ್ನಷ್ಟೇ ಹಿಡಿದು ಹೊರಟಿದ್ದರಂತೆ. ಅರ್ಧ ಗಂಟೆ ಮಾತನಾಡಿದರು.

ಯಾರನ್ನು ದೂರವಿಡಬೇಕು ಎಂಬುದೂ ತಿಳಿದಿರಲಿ. ಮರಳಿ ವಾಸಿಸಲು ಇನ್ನೂ ಅನುಮತಿ ಇಲ್ಲದ ಭಾಗವನ್ನು ಜಪಾನಿಯರು ‘ಕಿಕಾನ್ ಕೊನ್ನಾನ್ ಕುಇಕಿ’ ಎನ್ನುತ್ತಾರೆ. ಮರಳುವುದು ಕಷ್ಟವಾದ ವಲಯ ಎಂದು ಅರ್ಥ. ಅದರ ಅಡ್ಡರಸ್ತೆಗಳಿಗೆ ಬೇಲಿ, ಗೇಟು ಇವೆ. ‘ಬೇಲಿ ದಾಟಿಸುತ್ತೇನೆ’, ‘ಮನೆಯೊಳಗೆ ಬಿಡುತ್ತೇನೆ’ ಎನ್ನುವವರ ಜೊತೆ ಹೋಗಬೇಡಿ. ಸ್ಥಾವರದ ಆವರಣದೊಳಗಿನ ಭೇಟಿಯನ್ನು ಏರ್ಪಡಿಸುವುದು ಅದನ್ನು ನಡೆಸುವ ಟೆಪ್ಕೊ ಕಂಪನಿ, ಅದೂ ಮೊದಲೇ ಹೆಸರು, ಗುರುತು ಕೊಟ್ಟವರಿಗೆ. ಅಲ್ಲಿಗೂ ಕರೆದೊಯ್ಯುತ್ತೇನೆಂದು ಆ ದಿನವೇ ಭರವಸೆ ಕೊಡುವವರನ್ನು ನಂಬಬೇಡಿ.

ಹೆಜ್ಜೆ 3: ಮಾಪಕ ಓದುವುದು

ಅಗ್ಗದ ವಿಕಿರಣ ಮಾಪಕ ಕೊಳ್ಳಬೇಡಿ. ಒಂದೇ ಜಾಗದಲ್ಲಿ ಹಿಡಿದ ಅಂಥ ಎರಡು ಮಾಪಕಗಳು ಒಂದು ಇನ್ನೊಂದರ ಎರಡರಷ್ಟು ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಮಾರ್ಗದರ್ಶಿಯ ಬಳಿ ಇರುವುದೇ ಸಾಕು. ರಸ್ತೆ ಬದಿಗಳಲ್ಲಿ, ಶಾಲೆ, ಉದ್ಯಾನಗಳಲ್ಲಿ ಸೌರಫಲಕ ಹೊತ್ತ ಅಳತೆಗಂಬಗಳಿವೆ. ಕೈಯಲ್ಲಿರುವ ಮಾಪಕವನ್ನು ಮೊದಲು ಅವುಗಳ ಜೊತೆ ಹೋಲಿಸಿ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಅಂಕಿ ನಿಲ್ಲುವ ತನಕ ಒಂದೆರಡು ನಿಮಿಷ ಕಾಯಿರಿ. ಕ್ಷಣಕಾಲ ಜಿಗಿದ ಅಂಕಿಯ ಚಿತ್ರ ತೆಗೆದು ಊರಿಗೆ ಕಳಿಸಿ ಮನೆಯವರನ್ನು ಹೆದರಿಸುವವರು ಇದ್ದಾರೆ, ಅದು ತಪ್ಪು.

ಪರದೆಯಲ್ಲಿ ಕಾಣುವುದು ಗಂಟೆಗೆ ಇಷ್ಟು ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಎಂಬ ದರ. ಮೈಗೆ ತಾಗುವುದು ಆ ದರ ಮತ್ತು ಅಲ್ಲಿ ಕಳೆದ ಹೊತ್ತಿನ ಗುಣಲಬ್ಧ. ಗಂಟೆಗೆ 1 ಮೈಕ್ರೋಸೀವರ್ಟ್ ಇರುವ ಜಾಗದಲ್ಲಿ ಆರು ನಿಮಿಷ ನಿಂತರೆ ತಾಗುವುದು 0.1 ಮೈಕ್ರೋಸೀವರ್ಟ್. ನೀವು ಹಾರಿ ಬಂದ ವಿಮಾನದಲ್ಲಿ, ಆ ಎತ್ತರದಲ್ಲಿ, ಗಂಟೆಗೆ ಕೆಲವು ಮೈಕ್ರೋಸೀವರ್ಟ್‌ಗಳು ತಾಗಿರುತ್ತವೆ. ಜಪಾನ್ ಸರ್ಕಾರ ಶುದ್ಧೀಕರಣಕ್ಕೆ ಇಟ್ಟುಕೊಂಡ ಗೆರೆ ಗಂಟೆಗೆ 0.23 ಮೈಕ್ರೋಸೀವರ್ಟ್. ದಿನಕ್ಕೆ ಎಂಟು ಗಂಟೆ ಹೊರಗೆ, ಹದಿನಾರು ಗಂಟೆ ಮನೆಯೊಳಗೆ ಇರುವವರಿಗೆ ನೈಸರ್ಗಿಕ ಪ್ರಮಾಣದ ಮೇಲೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಲೆಕ್ಕದಿಂದ ಬಂದ ಅಂಕಿ ಅದು. ಮೈಕ್ರೋಗೂ ಮಿಲಿಗೂ ಸಾವಿರ ಪಟ್ಟು ವ್ಯತ್ಯಾಸವಿದೆ, ಗೊಂದಲ ಮಾಡಿಕೊಳ್ಳಬೇಡಿ.

ಹಾಗೆಂದು ಅಸಡ್ಡೆಯೂ ಸಲ್ಲದು. ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ವಸ್ತು ಸೀಸಿಯಂ-137ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 30 ವರ್ಷ. ಅದು ಮಣ್ಣಿಗೆ, ಪಾಚಿಗೆ, ತರಗೆಲೆಗೆ ಅಂಟಿಕೊಂಡಿರುತ್ತದೆ. ಮನೆಗಳ ಸುತ್ತಲಿನ ಕಾಡನ್ನು ಶುದ್ಧಗೊಳಿಸಿದ್ದು ಅಂಚಿನಿಂದ ಸುಮಾರು 20 ಮೀಟರ್ ಒಳಗಿನವರೆಗೆ ಮಾತ್ರ. ಡಾಂಬರಿನ ಮೇಲೆಯೇ ನಡೆಯಿರಿ, ಪಾಚಿ ಕಟ್ಟಿದ ಕಟ್ಟೆಯ ಮೇಲೆ ಕೂರಬೇಡಿ, ಕಾಡಿನ ಅಣಬೆ ಮುಟ್ಟಬೇಡಿ.

ಹೆಜ್ಜೆ 4: ಉಡುಪು

ಮುಚ್ಚಿದ ಶೂ, ಉದ್ದ ತೋಳಿನ ಅಂಗಿ. ಇಷ್ಟೇ.

ಹೆಜ್ಜೆ 5: ಯಾವುದರ ನಂತರ ಯಾವುದು

ಮೊದಲು ಉಕೆದೊ ಶಾಲೆ, ಕೊನೆಯಲ್ಲಿ ಸಂಗ್ರಹಾಲಯ. ಇದನ್ನು ತಿರುಗುಮುರುಗು ಮಾಡಬೇಡಿ. ವಿವರಣೆಯ ಫಲಕಗಳನ್ನು ಓದಿಕೊಂಡು ಹೋದವರು ಶಾಲೆಯನ್ನು ನೋಡದೆ ಫಲಕದಲ್ಲಿದ್ದುದನ್ನೇ ಹುಡುಕುತ್ತಾರೆ.

ಕಡಲಿನಿಂದ ಸುಮಾರು 300 ಮೀಟರ್ ದೂರದಲ್ಲಿರುವ ಆ ಶಾಲೆಯ ಕೆಳಮಹಡಿಯ ಚಾವಣಿ ಕಿತ್ತು ತಂತಿಗಳು ಜೋತಾಡುತ್ತಿವೆ. ಅಂದು ಶಾಲೆಯಲ್ಲಿದ್ದ ಮಕ್ಕಳೆಲ್ಲರೂ ಶಿಕ್ಷಕರೊಂದಿಗೆ ಒಂದೂವರೆ ಕಿಲೋಮೀಟರ್ ದೂರದ ಓಹಿರಾ ಗುಡ್ಡಕ್ಕೆ ಓಡಿ ಬದುಕಿಕೊಂಡರು. ಆದರೆ ಉಕೆದೊ ಕೇರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ರಾತ್ರಿ ಅವಶೇಷಗಳ ಅಡಿಯಿಂದ ಜನರ ಸದ್ದು ಬರುತ್ತಿರುವುದನ್ನು ರಕ್ಷಣೆಗೆ ಹೋದವರು ಕೇಳಿಸಿಕೊಂಡಿದ್ದರು. ಬೆಳಕಾದ ಮೇಲೆ ಬರುತ್ತೇವೆ ಎಂದು ಹೋದರು. ಮಾರ್ಚ್ 12ರ ಬೆಳಿಗ್ಗೆ 5.44ಕ್ಕೆ ಸ್ಥಾವರದ ಸುತ್ತಲಿನ 10 ಕಿಲೋಮೀಟರ್ ಪ್ರದೇಶವನ್ನು ತೆರವು ಮಾಡುವ ಆದೇಶ ಬಂತು. ಹುಡುಕಾಟ ಮತ್ತೆ ಶುರುವಾಗಿದ್ದು ಒಂದು ತಿಂಗಳ ನಂತರ. ವಿಕಿರಣದಿಂದ ಯಾರಿಗೆ ಏನಾಯಿತು ಎಂದಷ್ಟೇ ಕೇಳುತ್ತಾ ಬರುವವರು ಈ ಕಡಲತೀರದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು ಎಂದು ನನಗೆ ಅನ್ನಿಸುತ್ತದೆ. ಆಕಾಶ ತಿಳಿಯಾಗಿದ್ದರೆ ದಕ್ಷಿಣಕ್ಕೆ ಸ್ಥಾವರದ ಚಿಮಣಿಗಳು ಕಾಣುತ್ತವೆ.

ಮಧ್ಯಾಹ್ನ ಒಕುಮಾ, ತೊಮಿಯೊಕಾ; ಏಪ್ರಿಲ್ ಆದರೆ ಯೊನೊಮೊರಿಯ ಚೆರ್ರಿ ಸಾಲು. ಸಂಗ್ರಹಾಲಯಕ್ಕೆ ಎರಡು ಗಂಟೆ ಉಳಿಸಿಕೊಳ್ಳಿ. ‘ಅಣುಶಕ್ತಿ: ಉಜ್ವಲ ಭವಿಷ್ಯದ ಶಕ್ತಿ’ ಎಂಬ ಘೋಷಣೆ ಫುತಾಬಾದ ಬೀದಿಯ ಮೇಲೆ ಕಮಾನಾಗಿ ನಿಂತಿತ್ತು, ಆ ಫಲಕ ಈಗ ಈ ಸಂಗ್ರಹಾಲಯದಲ್ಲಿದೆ. ಅದನ್ನು ಬರೆದದ್ದು ಅದೇ ಊರಿನ ಶಾಲಾ ಬಾಲಕ. ದೊಡ್ಡವನಾದ ಮೇಲೆ, ಆ ಫಲಕವನ್ನು ಕಿತ್ತೊಗೆಯದೆ ಉಳಿಸಬೇಕೆಂದು ಪಟ್ಟು ಹಿಡಿದವರಲ್ಲಿ ಆತನೂ ಇದ್ದರು.

ಹೆಜ್ಜೆ 6: ಕ್ಯಾಮೆರಾ

ಕಿಟಕಿಗೆ ಮುಖವಿಟ್ಟು ಒಳಗೆ ಇಣುಕಬೇಡಿ. ಕ್ಯಾಲೆಂಡರ್, ಊಟದ ಮೇಜು, ಮಕ್ಕಳ ಚಪ್ಪಲಿ ಇವೆಲ್ಲ ಬೇರೆಯವರ ಸಂಸಾರ. ಯಾವುದನ್ನಾದರೂ ತೆಗೆಯುವ ಮುನ್ನ ಮಾರ್ಗದರ್ಶಿಯ ಮುಖ ನೋಡಿ, ಅವರು ತಲೆಯಾಡಿಸಿದರೆ ಮಾತ್ರ ತೆಗೆಯಿರಿ. ಜಪಾನಿನ ಮನೆಗಳ ಬಾಗಿಲ ಬಳಿ ಕುಟುಂಬದ ಹೆಸರಿನ ಫಲಕವಿರುತ್ತದೆ. ಮರಳುವ ರೈಲಿನಲ್ಲಿ ಕೂತಾಗ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ. ಆ ಹೆಸರು ಓದುವಂತಿದ್ದರೆ ಅಲ್ಲೇ ಅಳಿಸಿಬಿಡಿ.